ದೊಡ್ಡಪ್ಪ ಇಳಿದ ಗಣಿ

ನಮ್ಮ ಮನೆಯಲ್ಲಿ ದೊಡ್ಡಪ್ಪನ ಫೋಟೋ ಒಂದೇ ಒಂದು ಇತ್ತು. ಅದರಲ್ಲೂ ದೊಡ್ಡಪ್ಪ ಇರಲಿಲ್ಲ. ಒಂದು ಜೊತೆ ಬೂಟು, ಕುರ್ಚಿಯ ಎರಡು ಕಾಲು, ಸ್ಟುಡಿಯೋ ಪರದೆಯ ಒಂದು ಚೂರು. ಮಿಕ್ಕಿದ್ದನ್ನೆಲ್ಲ ಗೆದ್ದಲು ತಿಂದಿತ್ತು.

ರಾಬರ್ಟ್‌ಸನ್‌ಪೇಟೆಯ ಯಾವುದೋ ಸ್ಟುಡಿಯೋದಲ್ಲಿ ಕೋಟು ಬೂಟು ಹಾಕಿಕೊಂಡು, ಕುರ್ಚಿ ಮೇಲೆ ಕೂತು ತೆಗೆಸಿ, ದೊಡ್ಡಪ್ಪ ಅದನ್ನು ಅಂಚೆಯಲ್ಲಿ ಕೊಳಾಲಕ್ಕೆ ಕಳಿಸಿದ್ದನಂತೆ. ಅಜ್ಜಿ ಅದನ್ನು ಗೋಡೆಗೆ ಹಾಕಲಿಲ್ಲ. ಕೇರಿಯವನು ಕುರ್ಚಿ ಮೇಲೆ ಕೂತಿದ್ದಾನೆ, ಕಾಲಿಗೆ ಮೆಟ್ಟಿದ್ದಾನೆ ಅನ್ನೋದನ್ನು ಊರಿನವರು ಯಾರಾದರೂ ಕಂಡಾರು ಎಂಬ ಹೆದರಿಕೆ. ಬಟ್ಟೆಯಲ್ಲಿ ಸುತ್ತಿ ರಾಗಿ ವಾಡೆಯ ಹಿಂದಕ್ಕೆ ಇಟ್ಟಳು. ಇಪ್ಪತ್ತು ವರ್ಷ ಅದು ಅಲ್ಲೇ ಇತ್ತು. ನಾನು ಕಣ್ಣಲ್ಲಿ ನೋಡುವ ಹೊತ್ತಿಗೆ ಬೂಟು ಮಾತ್ರ ಉಳಿದಿತ್ತು.

ದೊಡ್ಡಪ್ಪ ಕೋಲಾರದ ಗಣಿಗೆ ಓಡಿಹೋದದ್ದು 1948ರ ಸುಮಾರಿಗೆ. ಅಜ್ಜ ಮಾಡಿದ್ದ ಅರವತ್ತು ರೂಪಾಯಿ ಸಾಲಕ್ಕೆ ಎಂಟನೇ ವಯಸ್ಸಿನಿಂದ ಒಬ್ಬ ಯಜಮಾನರ ಮನೆಯಲ್ಲಿ ಜೀತಕ್ಕಿದ್ದವನು. ಒಂದು ರಾತ್ರಿ ಕೊಟ್ಟಿಗೆಯಿಂದ ಎದ್ದು ಹೋದ. ಎದ್ದು ಹೋದ ಅಂತ ಬರೆಯುವುದು ಸುಲಭ. ಮಾರನೇ ದಿನ ಯಜಮಾನರ ಕಡೆಯವನು ಕೇರಿಗೆ ಬಂದು, ಓಡಿಹೋದವನ ತಮ್ಮನನ್ನು, ಅಂದರೆ ನಮ್ಮಪ್ಪನನ್ನು, ಒಂಬತ್ತು ವರ್ಷದ ಹುಡುಗನನ್ನು ಕೈ ಹಿಡಿದು ಕರೆದುಕೊಂಡು ಹೋದ. ಆಳು ಓಡಿಹೋದರೆ ಸಾಲ ಓಡಿಹೋಗುತ್ತದೆಯೇ? ನಮ್ಮಪ್ಪ ಸಾಯುವ ತನಕ ಹೇಳುತ್ತಿದ್ದ: “ಅವ್ನು ಭೂಮಿ ಒಳಕ್ಕೆ ಇಳ್ದ, ನಾನು ಅವ್ನ ಜಾಗಕ್ಕೆ ಇಳ್ದೆ ಕಣ್ಲಾ.” ಸಿಟ್ಟಿನಲ್ಲಿ ಹೇಳುತ್ತಿದ್ದನೋ ಪ್ರೀತಿಯಲ್ಲಿ ಹೇಳುತ್ತಿದ್ದನೋ, ನನಗೆ ಕೊನೆಗೂ ತಿಳಿಯಲಿಲ್ಲ.

ಮೂರು ತಿಂಗಳಾದ ಮೇಲೆ ಮೊದಲನೇ ಮನಿಯಾರ್ಡರು ಬಂತು. ಐದು ರೂಪಾಯಿ. ಆಮೇಲೆ ತಿಂಗಳು ತಿಂಗಳೂ ಬಂತು, ಕೆಲವು ತಿಂಗಳು ಎಂಟು. ಕೋಲಾರದ ಚಿನ್ನದ ಗಣಿಯಿಂದ ಬಂದದ್ದು ಎಂದು ತಿಳಿದು ಊರಿನಲ್ಲಿ ಗುಸುಗುಸು ಎದ್ದಿತು, ಇವನು ಚಿನ್ನ ಕದ್ದು ಕಳಿಸುತ್ತಿದ್ದಾನೆ ಅಂತ. ಆರು ವರ್ಷ ಹೀಗೆ ಕಟ್ಟಿ ಕಟ್ಟಿ ಬಡ್ಡಿ, ಬಡ್ಡಿಯ ಮೇಲಿನ ಬಡ್ಡಿ ಎಲ್ಲ ತೀರಿ ನಮ್ಮಪ್ಪ ಕೊಟ್ಟಿಗೆಯಿಂದ ಹೊರಗೆ ಬಂದ. ಜೀತ ರದ್ದಾಯಿತು ಎಂದು ದೇಶಕ್ಕೆಲ್ಲ ಕಾನೂನು ಬಂದದ್ದು 1976ರಲ್ಲಿ. ನಮ್ಮ ಮನೆಯ ಜೀತ ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಅಂಚೆಯವನ ಚೀಲದಲ್ಲಿ ರದ್ದಾಗಿತ್ತು. ಅಪ್ಪ ಮದುವೆಯಾದದ್ದು, ನಾನು ಹುಟ್ಟಿದ್ದು, ಸ್ಕೂಲಿಗೆ ಹೋದದ್ದು, ಟಿ.ಸಿ.ಎಚ್. ಮಾಡಿ ಮೇಷ್ಟ್ರಾದದ್ದು, ಈಗ ಈ ಪತ್ರಿಕೆಗೆ ಬರೆಯುತ್ತಾ ಕೂತಿರುವುದು, ಎಲ್ಲ ಆ ಗುಂಡಿಯಿಂದ ಬಂದದ್ದೇ. ಗಣಿಯನ್ನು ಬರೀ ಶಪಿಸಿ ಬರೆಯಿರಿ ಎಂದರೆ ನನ್ನ ಕೈಯಲ್ಲಿ ಆಗುವುದಿಲ್ಲ. ಹೊಗಳಿ ಬರೆಯಿರಿ ಎಂದರೆ ದೊಡ್ಡಪ್ಪನ ಕೆಮ್ಮು ಬಿಡುವುದಿಲ್ಲ.

ಅವನು ವಾಪಸು ಬಂದದ್ದು 1968ರಲ್ಲಿ. ನಾನಾಗ ಎಂಟು ವರ್ಷದವನು. ಬರುವಾಗಲೇ ಕೆಮ್ಮು ತಂದಿದ್ದ. ಹುಣಸೇಮರದ ಕೆಳಗೆ ಈಚಲು ಚಾಪೆ ಹಾಸಿಕೊಂಡು ಕೂತಿರುತ್ತಿದ್ದ. ನಾಲ್ಕು ಹೆಜ್ಜೆ ನಡೆದರೆ ನಿಂತು ಉಸಿರು ಎಳೆಯಬೇಕಿತ್ತು. ಯಾವ ಗಣಿ, ಯಾವ ಶಾಫ್ಟು ಎಂದು ನಾವು ಯಾರೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. “ಮಾರಿಕುಪ್ಪ” ಅನ್ನುವ ಒಂದು ಹೆಸರು ಮಾತ್ರ ಅವನ ಬಾಯಲ್ಲಿ ಬರುತ್ತಿತ್ತು. ಒಂದು ಸಲ ನಾನು ಹುಡುಗುಬುದ್ಧಿಯಲ್ಲಿ, “ದೊಡ್ಡಪ್ಪ, ಅಲ್ಲಿ ಕೆಳಗೂ ಜಾತಿ ಇತ್ತಾ?” ಅಂತ ಕೇಳಿದೆ. “ಕತ್ಲೇಲಿ ಯಾರ ಮುಖ ಯಾರಿಗೆ ಕಾಣ್ತದೆ ಮಗ? ಮೇಲಕ್ಕೆ ಬಂದ್ಮೇಲೆ ಕಾಣ್ತಿತ್ತು” ಅಂದ. 1974ರ ಮಳೆಗಾಲದಲ್ಲಿ ತೀರಿಕೊಂಡ.

ರಿಟೈರಾದ ಮೇಲೆ ನಾನೊಂದು ಕ್ಯಾಮೆರಾ ಕೊಂಡೆ. ಯಾಕೆ ಕೊಂಡೆ ಎಂದು ಮನೆಯವಳು ಕೇಳಿದರೆ ಉತ್ತರ ಇರಲಿಲ್ಲ. ಪತ್ರಿಕೆಯ ಗೆಳೆಯರು, ಮುಚ್ಚಿಹೋದ ಗಣಿಯ ಪಾಳನ್ನು ನಾಲ್ಕು ಫೋಟೋ ತೆಗೆದುಕೊಂಡು ಬನ್ನಿ ಮೇಷ್ಟ್ರೇ, ರಟ್ಟಿಗೆ ಹಾಕೋಣ ಅಂದರು. ಹೋದ ವರ್ಷ ಜನವರಿಯಲ್ಲಿ ಕೊಳಾಲದಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ತಂಗಿ, ಬೆಳಿಗ್ಗೆ ರೈಲು ಹತ್ತಿ ಬಂಗಾರಪೇಟೆ, ಅಲ್ಲಿಂದ ಮಾರಿಕುಪ್ಪಂ ಕಡೆ ಹೊರಟೆ. ನಾನು ಕೂತ ಡಬ್ಬಿ ಖಾಲಿ. ಎದುರಿನಿಂದ ಬಂದ ರೈಲಿನ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಗಣಿ ಮುಚ್ಚಿದ ಊರಿನ ಮಕ್ಕಳು ಮೊಮ್ಮಕ್ಕಳೆಲ್ಲ ದಿನಾ ಹೊತ್ತು ಹುಟ್ಟುವ ಮೊದಲೇ ಹೀಗೆ ಬೆಂಗಳೂರಿಗೆ ಕೂಲಿಗೆ, ಅಂಗಡಿಗೆ, ಆಫೀಸಿಗೆ ಹೋಗಿ ರಾತ್ರಿ ಬರುತ್ತಾರೆ. ತಾತ ಭೂಮಿಯೊಳಕ್ಕೆ ಹೋಗುತ್ತಿದ್ದ ದೂರಕ್ಕಿಂತ ಇವರು ಹೋಗುವ ದೂರ ಹೆಚ್ಚು.

ಮೊದಲ ದಿನ ಪೂರಾ ಫೋಟೋ ತೆಗೆದೆ. ಶಾಫ್ಟಿನ ಮೇಲೆ ನಿಲ್ಲಿಸಿದ ಕಬ್ಬಿಣದ ಗೋಪುರ, ಅದರ ನೆತ್ತಿಯಲ್ಲಿ ತಿರುಗುವುದನ್ನು ನಿಲ್ಲಿಸಿದ ಚಕ್ರಗಳು. ಸೂರು ಹಾರಿಹೋದ ಯಂತ್ರದ ಮನೆ, ಒಳಗೆ ಆಲದ ಗಿಡ. ದೊರೆಗಳ ಬಂಗಲೆ, ಅದರ ಅರ್ಧ ಬಿದ್ದ ಚಿಮಣಿ. ಶಾಫ್ಟಿನ ಹತ್ತಿರಕ್ಕೆ ಬಿಡುವುದಿಲ್ಲ, ಕಾವಲಿದೆ, ಬೇಲಿಯ ಆಚೆಯಿಂದಲೇ ತೆಗೆಯಬೇಕು. ಸೈನೈಡ್ ಗುಡ್ಡಗಳಿಗೆ ಮಾತ್ರ ಬೇಲಿ ಅಡ್ಡ ಬರುವುದಿಲ್ಲ, ಊರಿನ ಎಲ್ಲಿ ನಿಂತರೂ ಕಾಣುತ್ತವೆ. ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ಎಳೆದುಕೊಂಡು, ಬಿಸಾಕಿದ ಹಿಟ್ಟೇ ಆ ಗುಡ್ಡ. ಮೂರು ಕೋಟಿ ಟನ್ನಿಗೂ ಮೇಲಿದೆ. ಮಳೆ ಕೊರೆದು ಕೊರೆದು ಅದರ ಮೈಯೆಲ್ಲ ಮುದುಕಿಯ ಕೆನ್ನೆಯ ಹಾಗೆ ಗೆರೆ ಬಿದ್ದಿದೆ. ಸಂಜೆಯ ಬಿಸಿಲಿಗೆ ಬೆಣ್ಣೆಯ ಬಣ್ಣ. ಗಾಳಿಗಾಲದಲ್ಲಿ ಅದೇ ಹಿಟ್ಟು ಸುತ್ತಲ ಮನೆಗಳ ಅನ್ನದ ತಟ್ಟೆಗೆ ಬಂದು ಬೀಳುತ್ತದೆ. ಸುಳ್ಳು ಯಾಕೆ ಹೇಳಲಿ, ನೋಡಲು ಚಂದ ಇತ್ತು. ಆ ದಿನ ನಾನು ಖುಷಿಯಾಗಿದ್ದೆ.

ಸಂಜೆ ಲಾಡ್ಜಿನಲ್ಲಿ ಕೂತು ಒಂದೊಂದೇ ನೋಡಿದೆ. ಎಪ್ಪತ್ತನಾಲ್ಕು ಫೋಟೋ. ಒಂದರಲ್ಲೂ ಒಬ್ಬ ಮನುಷ್ಯ ಇಲ್ಲ. ಮೊದಲು ಇದು ನನಗೆ ಹೊಳೆಯಲೇ ಇಲ್ಲ. ಹೊಳೆದ ಮೇಲೆ ಇನ್ನೊಂದು ನೆನಪಿಗೆ ಬಂತು. ಬಿದ್ದುಹೋದ ಒಂದು ಗೋಡೆಯ ಮುಂದೆ ನಿಂತು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದಾಗ, ಒಬ್ಬ ಹೆಂಗಸು ಎರಡು ಬಣ್ಣದ ಬಿಂದಿಗೆ ಹಿಡಿದುಕೊಂಡು ಅಡ್ಡ ಬಂದಳು. ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಎಡಗೈ ಎತ್ತಿ, ಬೆರಳು ಹಿಂದಕ್ಕೆ ಮುಂದಕ್ಕೆ ಆಡಿಸಿದೆ, ಅತ್ತ ಸರಿ ಅಂತ. ಅವಳು ಸರಿದು ನಿಂತಳು, ನಾನು ತೆಗೆದು ಮುಗಿಸುವ ತನಕ ತುಂಬಿದ ಬಿಂದಿಗೆ ಹಿಡಿದುಕೊಂಡೇ ನಿಂತಿದ್ದಳು.

ಆ ಕೈಸನ್ನೆ ನನಗೆ ಚೆನ್ನಾಗಿ ಗೊತ್ತು. ಊರಿನ ಜಗಲಿಯ ಮೇಲೆ ಕೂತವರು ಬಾಯಿ ಬಿಡುತ್ತಿರಲಿಲ್ಲ, ಎಡಗೈಯ ಬೆರಳನ್ನು ಹೀಗೇ ಆಡಿಸುತ್ತಿದ್ದರು. ನಮ್ಮಜ್ಜಿ ಹೀಗೇ ಸರಿದು ನಿಲ್ಲುತ್ತಿದ್ದಳು. ಅಂಬೇಡ್ಕರ್ ಓದಿದೆ, ಸಮಿತಿಯ ಸಭೆಗಳಲ್ಲಿ ಭಾಷಣ ಬಿಗಿದೆ, ಮೂವತ್ತು ವರ್ಷ ಮಕ್ಕಳಿಗೆ ಸಮಾನತೆಯ ಪಾಠ ಹೇಳಿದೆ. ಕೈಗೆ ಒಂದು ಯಂತ್ರ ಬಂದ ಕೂಡಲೇ ಬೆರಳು ತನ್ನಷ್ಟಕ್ಕೆ ತಾನೇ ಆಡಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಪಾಳು ಅಂದರೆ ಚಂದ ಅನ್ನುವವರು ಒಂದನ್ನು ಯೋಚಿಸಬೇಕು. ಜನ ಹೋದ ಮೇಲೆ ಪಾಳು ಬೀಳುವುದು. ಕೆಜಿಎಫ್‌ನಲ್ಲಿ ಹೋದವರು ಯಾರು? ದೊರೆಗಳು ಹೋದರು, ಬಂಗಲೆಗಳು ಪಾಳು ಬಿದ್ದವು. ಕೂಲಿಗಳು ಎಲ್ಲಿಗೂ ಹೋಗಲಿಲ್ಲ. ಅವರಿರುವ ಲೈನುಗಳು ಇನ್ನೂ ತುಂಬಿವೆ. ಆದರೆ ಗಣಿಯ ಫೋಟೋ ನೋಡಿದರೆ ಅಲ್ಲಿ ಹುಲ್ಲು, ತುಕ್ಕು, ಚಕ್ರ ಬಿಟ್ಟು ಇನ್ನೇನೂ ಉಳಿದಿಲ್ಲ ಅನ್ನಿಸುತ್ತದೆ. 2018ರಲ್ಲಿ ಒಂದು, 2022ರಲ್ಲಿ ಇನ್ನೊಂದು ಸಿನಿಮಾ ಬಂದ ಮೇಲೆ ನಮ್ಮ ಸ್ಕೂಲು ಹುಡುಗರಿಗೆ ಕೆಜಿಎಫ್ ಅಂದರೆ ಗಡ್ಡ, ಬಂದೂಕು, ಧೂಳು. ಕಥೆ ಕಟ್ಟಿದ್ದು, ಅದು ಅವರವರ ಇಷ್ಟ. ತಮಿಳಿನ ಪಾ. ರಂಜಿತ್ 2024ರಲ್ಲಿ ‘ತಂಗಲಾನ್’ ಮಾಡಿ, ಆ ಮಣ್ಣು ತೋಡಲು ಹೋದದ್ದು ಯಾವ ಜನ ಎಂದು ತೋರಿಸಿದರು. ಅದನ್ನು ನನ್ನ ಹುಡುಗರಲ್ಲಿ ಒಬ್ಬನೂ ನೋಡಿರಲಿಲ್ಲ. ನಮ್ಮ ಕನ್ನಡದ ಅಭಿಮಾನವೂ ವಿಚಿತ್ರ. ಚಿನ್ನ ಕನ್ನಡನಾಡಿನದು, ಅದನ್ನು ತೋಡಿ ಸತ್ತವರು ಮಾತ್ರ ತಮಿಳರು!

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂದು ಗಣಿ ಹಿಡಿದ ಮೇಲೆ, ಭೂಮಿಯ ಕೆಳಗಿನ ಕೆಲಸಕ್ಕೆ ಹೆಚ್ಚಾಗಿ ಬಂದವರು ಉತ್ತರ ಆರ್ಕಾಟಿನ ಕಡೆಯ ಹೊಲಗೇರಿಗಳ ಜನ. ತೆಲುಗರು ಬಂದರು, ನಮ್ಮ ದೊಡ್ಡಪ್ಪನಂಥ ಕನ್ನಡದವರೂ ಅಲ್ಲೊಬ್ಬರು ಇಲ್ಲೊಬ್ಬರು ಬಂದರು. ಯಜಮಾನನಿಂದ ತಪ್ಪಿಸಿಕೊಂಡು ಬಂದವರೇ ಬಹಳ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿಗೆ ಬಂದದ್ದು ಅದಾದ ಮೂರು ವರ್ಷಕ್ಕೆ. ಕೊಳಾಲದ ನಮ್ಮ ಕೇರಿಗೆ ಭಾಗ್ಯಜ್ಯೋತಿಯ ಒಂದೊಂದು ಬಲ್ಬು ಬಂದದ್ದು ನಾನು ಮೇಷ್ಟ್ರಾದ ಮೇಲೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಷ್ಟು ಕೆಳಗೆ ಬಂಡೆಯೇ 60 ಡಿಗ್ರಿಗೂ ಮೇಲೆ ಕಾದಿರುತ್ತದೆ. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು, ಸಿಡಿದರೆ ಮೇಲಿನ ಮನೆಗಳ ಪಾತ್ರೆ ಅಲ್ಲಾಡುತ್ತಿತ್ತು, ಹೆಂಗಸರು ಮಕ್ಕಳು ಶಾಫ್ಟಿನ ಕಡೆ ಓಡುತ್ತಿದ್ದರು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ತನ್ನದು ಮಾಡಿಕೊಂಡಿತು, 1962ರಲ್ಲಿ ಕೇಂದ್ರ ವಹಿಸಿಕೊಂಡಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. 120 ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್.

ಕೆಮ್ಮಿನ ಲೆಕ್ಕವನ್ನೂ ಯಾರೋ ಇಟ್ಟಿದ್ದರು. 1940ರ ದಶಕದಲ್ಲಿ ವೈದ್ಯರು ಅಲ್ಲಿನ ಏಳೂವರೆ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇತ್ತು. ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತು, ಅಲ್ಲಿನ ಮೆತ್ತಗಿನ ಮಾಂಸವನ್ನು ಗಟ್ಟಿ ಮಾಡುತ್ತಾ ಹೋಗುವ ಕಾಯಿಲೆ. ಕೆಲಸ ಬಿಟ್ಟರೂ ಅದು ಬಿಡುವುದಿಲ್ಲ. ವೈದ್ಯರ ವರದಿ ಬಂದ ಮೇಲೆ ದೊಡ್ಡಪ್ಪ ಅಲ್ಲಿಗೆ ಹೋದದ್ದು. ಹೋಗುವ ಮುಂಚೆ ಆ ವರದಿಯನ್ನು ಯಾರಾದರೂ ಓದಿ ಹೇಳಿದ್ದರೆ ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದ ಅಂತಲೇ ನನಗೆ ಅನ್ನಿಸುತ್ತದೆ.

ಎರಡನೇ ದಿನ ಲೈನುಗಳ ಕಡೆ ಹೋದೆ. ಕ್ಯಾಮೆರಾವನ್ನು ಚೀಲದೊಳಗೆ ಇಟ್ಟುಕೊಂಡಿದ್ದೆ. ತಗಡಿನ ಸೂರಿನ ಒಂದೇ ಕೋಣೆಯ ಮನೆಗಳು, ಗೋಡೆಗೆ ಗೋಡೆ ಅಂಟಿ ಸಾಲಾಗಿ. ಎಪ್ಪತ್ತೆಂಟು ವರ್ಷದ ಒಬ್ಬ ಹಿರಿಯರು ಬಾಗಿಲಲ್ಲಿ ಕೂತಿದ್ದರು. ಚೀಲ ನೋಡಿದವರೇ, “ಯಾರ್ ಸಾರ್ ನೀವು? ಸರ್ವೇನಾ? ಮನೆ ಬಿಡಿಸೋಕ್ಕಾ?” ಅಂದರು. ಅಲ್ಲ ಅಣ್ಣಾ, ನಾನು ಕೊರಟಗೆರೆ ಕಡೆಯವನು, ಸ್ಕೂಲು ಮೇಷ್ಟ್ರು, ನಮ್ಮ ದೊಡ್ಡಪ್ಪ ಇಲ್ಲಿ ಕೆಲಸ ಮಾಡಿದ್ದ ಅಂದೆ. “ವಾತ್ಯಾರಾ?” ಅಂತ ಮುಖ ಸಡಿಲ ಮಾಡಿದರು. ಮೂವತ್ತು ವರ್ಷ ಕೆಳಗೆ ಕೆಲಸ ಮಾಡಿದವರು, ಅವರ ಅಪ್ಪನೂ ಅಲ್ಲೇ. “ನಿಮ್ಮ ದೊಡ್ಡಪ್ಪ ನಂಬರ್ ಏನು ವಾತ್ಯಾರೇ?” ಅಂದರು. ಹೆಸರು ಹೇಳಿದೆ. ತಲೆ ಆಡಿಸಿದರು. “ಹೆಸ್ರಲ್ಲಿ ಸಿಕ್ಕಲ್ಲ. ನಂಬರ್ ಇದ್ರೆ ಯಾರಾದ್ರೂ ಹೇಳ್ತಾರೆ.”

ಕಂಪನಿಗೆ ಕೂಲಿಯ ಹೆಸರು ಬೇಕಿರಲಿಲ್ಲ. ಬೇಕಿದ್ದದ್ದು ಬೆರಳು. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆದು ದಾಖಲು ಮಾಡಲು ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ನಿಂತರು. ನಾವೇನು ಕಳ್ಳರಾ ಅನ್ನುವ ಪ್ರಶ್ನೆ ಅದು. ಆ ಮುಷ್ಕರದ ಹಿಂದೆ ಒಂದು ದೊಡ್ಡ ತಯಾರಿ ಇತ್ತು ಅನ್ನುವುದನ್ನು ನಾವು ಸಣ್ಣ ಪತ್ರಿಕೆಯವರು ತಿಳಿಯಬೇಕು. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪದಲ್ಲಿತ್ತು. 1907ರಲ್ಲಿ ಅವರು ಮದ್ರಾಸಿನಲ್ಲಿ ಶುರು ಮಾಡಿದ ‘ತಮಿಳನ್’ ಪತ್ರಿಕೆ, 1914ರಲ್ಲಿ ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ ಇದೇ ಕೆಜಿಎಫ್‌ನಿಂದ ಮತ್ತೆ ಹೊರಟಿತು. ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಅಚ್ಚು ಹಾಕಿತು. ಹಗಲು ಕತ್ತಲೆಗೆ ಇಳಿದು ಬಂದವರ ಊರಿನಲ್ಲಿ ಪತ್ರಿಕೆ, ಪುಸ್ತಕ, ಬುದ್ಧ! ಕರ್ನಾಟಕದಲ್ಲಿ ದಲಿತ ಚಳವಳಿ ಅಂದರೆ 1973ರ ಬೂಸಾ ಗಲಾಟೆಯಿಂದ ಲೆಕ್ಕ ಹಿಡಿಯುವ ನಾವು ಇದನ್ನು ಎಲ್ಲಿ ಸೇರಿಸಿದ್ದೇವೆ? ತಮಿಳಿನಲ್ಲಿ ಇತ್ತು ಅಂತ ಬಿಟ್ಟುಬಿಟ್ಟೆವು.

ಆದರೆ ಅದೇ ಊರಿನಲ್ಲಿ, ದೊಡ್ಡಪ್ಪ ಹೇಳಿದ ಹಾಗೆ, ಮೇಲಕ್ಕೆ ಬಂದ ಮೇಲೆ ಮುಖ ಕಾಣುತ್ತಿತ್ತು. ಲೈನುಗಳ ಕಕ್ಕಸು ಬಳಿಯುವ ಕೆಲಸ ತೆಲುಗು ಮಾತಾಡುವ ತೋಟಿಗಳದ್ದು. 1965ರಲ್ಲಿ ವಿಜ್ಞಾನಿಗಳು ಚಾಂಪಿಯನ್ ರೀಫ್‌ನ ಎರಡು ಕಿಲೋಮೀಟರಿಗೂ ಆಳದಲ್ಲಿ ಯಂತ್ರ ಇಟ್ಟು, ಕಣ್ಣಿಗೆ ಕಾಣದ, ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೋ ಎಂಬ ಕಣವನ್ನು ಹಿಡಿದರು. ಜಗತ್ತಿಗೇ ದೊಡ್ಡ ಸುದ್ದಿ. ಅದರ ಮರುವರ್ಷ ಇದೇ ಊರಿನ ತೋಟಿಗಳ ಮನೆಯಲ್ಲಿ ಬೆಜವಾಡ ವಿಲ್ಸನ್ ಹುಟ್ಟಿದರು. ತಲೆಯ ಮೇಲೆ ಮಲ ಹೊರುವುದನ್ನು ದೇಶದ ಕಣ್ಣಿಗೆ ಕಾಣಿಸಲು ಅವರಿಗೆ ಇಡೀ ಬದುಕೇ ಬೇಕಾಯಿತು. 1993ರಲ್ಲಿ ಕಾನೂನು ಬಂತು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಡುವೆ, 2011ರಲ್ಲಿ, ಕೆಜಿಎಫ್‌ನಲ್ಲೇ ಮಲದ ಗುಂಡಿಗೆ ಇಳಿದ ಮೂವರು ಸತ್ತರು. ಗಣಿ ಮುಚ್ಚಿ ಹತ್ತು ವರ್ಷವಾಗಿತ್ತು. ಆ ಗುಂಡಿ ಮುಚ್ಚಿರಲಿಲ್ಲ.

ಹಿರಿಯರಿಗೆ ನನ್ನ ಕ್ಯಾಮೆರಾದ ಫೋಟೋಗಳನ್ನು ತೋರಿಸಿದೆ. ಕಣ್ಣು ಕಿರಿದು ಮಾಡಿ ಒಂದೊಂದೇ ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ. “ಬಂದೋರೆಲ್ಲಾ ಚಕ್ರನೇ ತೆಗೀತಾರೆ ವಾತ್ಯಾರೇ. ಚಕ್ರ ಏನ್ ಮಾಡ್ತು? ಚಕ್ರ ಮೇಲೇನೇ ಇತ್ತು. ಕೆಳಗಡೆ ಹೋಗಿದ್ದು ನಾವು” ಅಂದರು. ಆಮೇಲೆ ತಾವಾಗಿಯೇ, “ನಂದೊಂದು ತೆಗೀರಿ” ಅಂದರು. ಒಳಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದರು. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ, ತಾವೇ ಜಾಗ ನೋಡಿ ಹಾಕಿಸಿದರು, ಹಿಂದೆ ಸೈನೈಡ್ ಗುಡ್ಡ ಬರುವ ಹಾಗೆ. ಕೈ ಎರಡನ್ನೂ ಮಂಡಿಯ ಮೇಲೆ ಇಟ್ಟುಕೊಂಡು ಉಸಿರು ಕಟ್ಟಿ ಕೂತರು. ಲೈನಿನ ಮಕ್ಕಳು ಬಂದು ಸುತ್ತ ನಿಂತವು. ಒಬ್ಬಳು ಹುಡುಗಿ ಫ್ರೇಮಿನೊಳಗೆ ಅರ್ಧ ಬಂದಳು. ನನ್ನ ಎಡಗೈ ಏಳುವುದರಲ್ಲಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ತೆಗೆದೆ.

ಬಿಂದಿಗೆಯ ಹೆಂಗಸನ್ನು ಹುಡುಕಿದೆ. ನಲ್ಲಿಯ ಹತ್ತಿರ ಹತ್ತಾರು ಹೆಂಗಸರಿದ್ದರು, ಎಲ್ಲರ ಕೈಯಲ್ಲೂ ಬಣ್ಣದ ಬಿಂದಿಗೆ. ಮುಖ ನೋಡಿರಲಿಲ್ಲ ನಾನು, ಗುರುತು ಹೇಗೆ ಸಿಗಬೇಕು?

ಊರಿಗೆ ಬಂದ ಮೇಲೆ ಹಿರಿಯರ ಫೋಟೋ ಪ್ರಿಂಟು ಹಾಕಿಸಲು ತುಮಕೂರಿಗೆ ಹೋದೆ. ಸ್ಟುಡಿಯೋದ ಹುಡುಗ ಪರದೆಯಲ್ಲಿ ನೋಡಿ, “ಸಾ, ಈ ಹುಡುಗಿ ತೆಗೆದುಬಿಡ್ಲಾ? ಹಿಂದೆ ಈ ಮಣ್ಣಿನ ಗುಡ್ಡೆ ಬದ್ಲು ನೀಲಿ ಬಣ್ಣ ಹಾಕ್ಕೊಡ್ತೀನಿ, ನೀಟಾಗಿರ್ತದೆ” ಅಂದ. ಬೇಡಪ್ಪ, ಇದ್ದ ಹಾಗೇ ಹಾಕು ಅಂದೆ. ಎರಡು ಪ್ರತಿ ಹಾಕಿಸಿ, ಒಂದನ್ನು ಲೈನಿನ ನಂಬರು ಬರೆದು ಅಂಚೆಗೆ ಹಾಕಿದೆ. ಪತ್ರಿಕೆಯ ಗೆಳೆಯರಿಗೆ ಚಕ್ರದ ಫೋಟೋವೇ ಹಿಡಿಸಿದೆ. ಅದು ಚೆನ್ನಾಗಿ ಬಂದಿರುವುದೂ ನಿಜ. ಈ ಸಂಚಿಕೆಯ ರಟ್ಟಿನ ಮೇಲೆ ಯಾವುದು ಬರುತ್ತದೋ ಇದನ್ನು ಬರೆಯುವ ಹೊತ್ತಿಗೆ ನನಗೆ ಗೊತ್ತಿಲ್ಲ, ಜಗಳ ಇನ್ನೂ ನಡೆಯುತ್ತಿದೆ.

ಹದಿನೈದು ದಿನಕ್ಕೆ ಅವರ ಮೊಮ್ಮಗಳು ಫೋನು ಮಾಡಿದಳು. ರೈಲಿನೊಳಗಿಂದ ಮಾತಾಡುತ್ತಿದ್ದಳು, ಗಲಾಟೆಯಲ್ಲಿ ಅರ್ಧ ಕೇಳಿಸಲಿಲ್ಲ. “ಫೋಟೋ ಬಂತು ಅಂಕಲ್. ತಾತ ಬೈತಾ ಇದಾರೆ. ಗುಡ್ಡ ಮಾತ್ರ ಬೆಳ್ಳಗೆ ಬಂದೈತೆ, ನನ್ನ ಮುಖ ಕಪ್ಪಾಗೋಯ್ತು, ಕಣ್ಣೇ ಕಾಣ್ತಾ ಇಲ್ಲ ಅಂತಾರೆ. ಬೆಳಿಗ್ಗೆ ಹೊತ್ತು ಬಂದು ಇನ್ನೊಂದು ತೆಗೀಬೇಕಂತೆ.”

ಅವರು ಹೇಳಿದ್ದು ಸರಿ. ಸಾಯಂಕಾಲದ ಬಿಸಿಲು ಅವರ ಬೆನ್ನ ಹಿಂದಿತ್ತು, ನಾನು ಗಮನಿಸಲಿಲ್ಲ. ಹಬ್ಬ ಕಳೆದ ಮೇಲೆ ಹೋಗುತ್ತೇನೆ. ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳಬೇಕು. ಕುರ್ಚಿಯನ್ನು ಈ ಸಲ ಪೂರ್ವಕ್ಕೆ ಮುಖ ಮಾಡಿ ಹಾಕಿಸಿರಮ್ಮ ಎಂದು ಆ ಹುಡುಗಿಗೆ ಹೇಳಿದ್ದೇನೆ.